ತಮಿಳಿನ ‘ಇದಯಂ’ ಸಿನಿಮಾ ಈಗ ನೋಡಿದರೆ ಬೋರ್ ಆಗಲ್ವಾ?

ತಮಿಳು ಗೆಳೆಯರೆಲ್ಲ 1991ರ ‘ಇದಯಂ’ ಬಗ್ಗೆ ಅಷ್ಟೊಂದು ಹೇಳ್ತಾರೆ, ಈಗಿನವರಿಗೆ ಹಿಡಿಸುತ್ತಾ ಅಂತ ಕೇಳಿದ್ದೀರಿ. ಅಲ್ಲಲ್ಲಿ ಬೋರ್ ಆಗುತ್ತೆ. ಆದರೂ ನೋಡಿ.

ಕಥೆ ಇಷ್ಟೇ. ಹಳ್ಳಿಯಿಂದ ಮದ್ರಾಸಿಗೆ ಮೆಡಿಕಲ್ ಓದಲು ಬಂದ ರಾಜ, ಅದೇ ಕಾಲೇಜಿನ ಗೀತಾಳನ್ನು ಇಷ್ಟಪಡುತ್ತಾನೆ. ಹೇಳೋಕೆ ಮಾತ್ರ ಬಾಯಿ ಬರಲ್ಲ.

ನಾನು ಮೊದಲ ಸಲ ನೋಡಿದ್ದು ಬೆಂಗಳೂರಿನ ಪಿಜಿಯಲ್ಲಿ, ಸೇಲಂ ಕಡೆಯ ರೂಮ್‌ಮೇಟ್‌ನ ಲ್ಯಾಪ್‌ಟಾಪ್‌ನಲ್ಲಿ. ಗೀತಾ ಎದುರಿಗೆ ಬಂದಾಗಲೆಲ್ಲ ನಾನು ‘ಹೇಳೋ ಮಾರಾಯಾ’ ಅಂತಿದ್ದೆ. ಅವನು ಸುಮ್ನಿರು ಅಂತ ನನ್ನ ತೊಡೆಗೆ ಗುದ್ದುತ್ತಿದ್ದ. ಅವತ್ತು ಇಬ್ಬರ ಕಣ್ಣೂ ಒದ್ದೆಯಾಯಿತು. ಕೆಲವು ವರ್ಷ ಬಿಟ್ಟು ಒಬ್ಬನೇ ನೋಡಿದಾಗ ರಾಜನ ಮೇಲೆ ಸಿಟ್ಟು ಬಂತು. ಆ ಹುಡುಗಿಗೆ ಗೊತ್ತೇ ಇಲ್ಲದ ಪ್ರೀತಿಗೆ ಅವಳೇನು ಮಾಡಬೇಕಿತ್ತು? ಕೊನೆಕೊನೆಗೆ ಜಾಸ್ತಿ ಖುಷಿ, ಜಾಸ್ತಿ ದುಃಖ ಎರಡನ್ನೂ ತಡೆಯದ ಹೃದಯ ಅಂತೆಲ್ಲ ಶುರುವಾಗುತ್ತೆ. ಆ ವೈದ್ಯಶಾಸ್ತ್ರವನ್ನು ನಿಮ್ಮ ಡಾಕ್ಟರ್ ಗೆಳೆಯರಿಗೆ ತೋರಿಸಬೇಡಿ.

ಆದರೂ ಸಿನಿಮಾ ನಿಂತಿರುವುದು ರಾಜನ ಪಾತ್ರ ಮಾಡಿದ ಮುರಳಿಯಿಂದ. ಹೀರೋ ಅನ್ನುವ ಬೆಳ್ಳನೆ ಮುಖ ಅಲ್ಲ, ಮೈಕಟ್ಟೂ ಅಲ್ಲ. ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಹಾಜರಿ ಹೇಳೋಕೂ ನಾಚುವ ಹುಡುಗ. ಇವರು ನಮ್ಮ ‘ಬಂಗಾರದ ಮನುಷ್ಯ’ದ ನಿರ್ದೇಶಕ ಸಿದ್ದಲಿಂಗಯ್ಯನವರ ಮಗ ಅನ್ನೋದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ‘ಇದಯಂ’ ಆದ ಮೇಲೂ ವರ್ಷಗಟ್ಟಲೆ ಕಾಲೇಜು ಹುಡುಗನ ಪಾತ್ರವನ್ನೇ ಮಾಡಿದರು, ತಮಿಳರು ಅದನ್ನೇ ತಮಾಷೆ ಮಾಡ್ತಿದ್ದರು. 2010ರಲ್ಲಿ ಮಗ ಅಥರ್ವನ ಮೊದಲ ಸಿನಿಮಾದಲ್ಲಿ ಅದೇ ರಾಜನಾಗಿ ಒಂದು ಸಣ್ಣ ದೃಶ್ಯಕ್ಕೆ ಬಂದು ಹೋದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 46 ವರ್ಷ. ಅದು ತಿಳಿದ ಮೇಲೆ ಆ ಹೃದಯದ ದೃಶ್ಯಗಳನ್ನು ನನಗೆ ನಗುತ್ತಾ ನೋಡೋಕಾಗಿಲ್ಲ.

ಇಳಯರಾಜಾ ಹಾಡುಗಳಂತೂ ಬೇರೆಯದೇ ಲೆಕ್ಕ. ‘ಪೊಟ್ಟು ವೈತ್ತ ಒರು ವಟ್ಟ ನಿಲಾ’ ಕೇಳಿ, ಯೇಸುದಾಸ್ ದನಿ. ಪೊಟ್ಟು ಅಂದರೆ ನಮ್ಮ ಬೊಟ್ಟೇ. ಬೊಟ್ಟಿಟ್ಟುಕೊಂಡ ದುಂಡು ಚಂದ್ರ! ಬಾಯಿಬಿಟ್ಟು ಒಂದು ಮಾತು ಆಡದ ಹುಡುಗನ ಮನಸ್ಸಿನಲ್ಲಿ ಇಷ್ಟೆಲ್ಲ ಇತ್ತಾ ಅನಿಸುತ್ತೆ. ‘ಏಪ್ರಿಲ್ ಮೇಯಿಲೇ’ ಪೂರ್ತಿ ಉಲ್ಟಾ. ರಜೆ ಬಂತು, ಹುಡುಗಿಯರಿಲ್ಲ, ಊರೆಲ್ಲ ಒಣಗಿಹೋಯಿತು ಅನ್ನೋ ಗೋಳು. ಅದರಲ್ಲಿ ಕುಣಿಯುವ ಸಣಕಲು ಹುಡುಗನನ್ನು ಸರಿಯಾಗಿ ನೋಡಿ. ನೃತ್ಯ ನಿರ್ದೇಶಕ ಮೂಗೂರು ಸುಂದರ್ ಅವರ ಮಗ ಪ್ರಭುದೇವ!

ನಿರ್ದೇಶಕ ಕದಿರ್, ನಾಯಕಿ ಹೀರಾ. ತಮಿಳು ಬರಲ್ಲ ಅಂತ ಚಿಂತೆ ಬೇಡ, ಸಬ್‌ಟೈಟಲ್ ಇಲ್ಲದಿದ್ದರೂ ನಡೆಯುತ್ತೆ. ಹೇಗಿದ್ದರೂ ರಾಜ ಮಾತಾಡೋದೇ ಕಮ್ಮಿ.