ಬಸುರಿನಲ್ಲಿ ಫ್ಲೂ ಲಸಿಕೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೀಗ ನಾಲ್ಕನೇ ತಿಂಗಳು. ಡಾಕ್ಟರು ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂದಿದ್ದಾರೆ. ‘ಬಸುರಲ್ಲಿ ಇಲ್ಲದ ಇಂಜೆಕ್ಷನ್ ಯಾಕೆ, ಮಗುವಿಗೆ ಏನಾದರೂ ಆದರೆ?’ ಅನ್ನುತ್ತಾರೆ ಅತ್ತೆ. ನನಗೂ ಒಳಗೊಳಗೇ ಅದೇ ಭಯ.

ಉತ್ತರ: ಈ ಭಯ ತೀರಾ ಸಹಜ. ಇಂಜೆಕ್ಷನ್ನನ್ನು ನಾವೇ ಹೋಗಿ ಚುಚ್ಚಿಸಿಕೊಳ್ಳುತ್ತೇವೆ, ಜ್ವರ ತಾನಾಗಿ ಬರುತ್ತದೆ. ಹಾಗಾಗಿ ಇಂಜೆಕ್ಷನ್ನಿನಿಂದ ತೊಂದರೆಯಾದರೆ ತಪ್ಪು ನಮ್ಮದು, ಜ್ವರದಿಂದಾದರೆ ಹಣೆಬರಹ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಲಸಿಕೆ ಬೇಡ ಎನ್ನುವುದೂ ಒಂದು ನಿರ್ಧಾರವೇ. ಅದರ ಅಪಾಯವನ್ನೂ ಅಷ್ಟೇ ಗಂಭೀರವಾಗಿ ತೂಗಬೇಕು.

ಗರ್ಭಕೋಶ ಬೆಳೆದಂತೆ ಎದೆ-ಹೊಟ್ಟೆಗಳ ನಡುವಿನ ವಪೆ ಮೇಲಕ್ಕೆ ಒತ್ತಿಕೊಂಡು ಶ್ವಾಸಕೋಶ ಅರಳುವ ಜಾಗ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ದೇಹ ಹೆಚ್ಚು ಆಮ್ಲಜನಕ ಕೇಳುತ್ತದೆ, ಹೃದಯಕ್ಕೆ ದುಡಿಮೆ ಹೆಚ್ಚು, ರೋಗನಿರೋಧಕ ವ್ಯವಸ್ಥೆಯ ನಡೆಯೂ ಬದಲಾಗಿರುತ್ತದೆ. ಬೇರೆಯವರಿಗೆ ನಾಲ್ಕು ದಿನ ಕಾಡಿ ಹೋಗುವ ಫ್ಲೂ ಗರ್ಭಿಣಿಯಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚುವುದು ಇದರಿಂದಲೇ. 2009ರ ಎಚ್1ಎನ್1 (ಹಂದಿಜ್ವರ) ಫ್ಲೂ ಹಾವಳಿಯಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಸುಮಾರು ಶೇ. 1ರಷ್ಟಿದ್ದರು, ಸತ್ತವರಲ್ಲಿ ಅವರ ಪಾಲು ಶೇ. 5ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಗರ್ಭಿಣಿಯರನ್ನು ಫ್ಲೂ ಲಸಿಕೆಯ ಅತ್ಯುನ್ನತ ಆದ್ಯತೆಯ ಗುಂಪಿಗೆ ಸೇರಿಸಿತು.

ಅತ್ತೆಯವರಿಗೆ ಧನುರ್ವಾಯು ಇಂಜೆಕ್ಷನ್ ನೆನಪಿಸಿ. ಅದನ್ನು ಬಸುರಿಯರಿಗೆ ದಶಕಗಳಿಂದ ಕೊಡುತ್ತಿದ್ದಾರೆ. ಅದರಂತೆ ಫ್ಲೂ ಇಂಜೆಕ್ಷನ್ನಿನಲ್ಲೂ ಜೀವಂತ ರೋಗಾಣು ಇರುವುದಿಲ್ಲ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ವಾದ ಮಾಡುವುದಕ್ಕಿಂತ ಡಾಕ್ಟರ ಬಾಯಿಂದಲೇ ಕೇಳಿದಾಗ ಹಿರಿಯರಿಗೆ ಸಮಾಧಾನ.

ಪ್ರಶ್ನೆ: ಮೊದಲ ಮೂರು ತಿಂಗಳಲ್ಲಿ ಹಾಕಿಸಿಕೊಂಡರೆ ಗರ್ಭಪಾತವಾಗುತ್ತದೆ ಎಂದು ಎಲ್ಲೋ ಓದಿದೆ. ನಿಜವೇ?

ಉತ್ತರ: ನೀವು ಓದಿದ್ದಕ್ಕೆ ಒಂದು ಮೂಲವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಹಿಂದಿನ ವರ್ಷವೂ ಎಚ್1ಎನ್1 ಇದ್ದ ಲಸಿಕೆ ಪಡೆದಿದ್ದವರಲ್ಲಿ, ಮತ್ತೆ ಲಸಿಕೆ ಪಡೆದ 28 ದಿನಗಳೊಳಗೆ ಗರ್ಭಪಾತ ಹೆಚ್ಚು ಕಂಡಿತು ಎಂದು ಅದು ಹೇಳಿತು. ಅಧ್ಯಯನದೊಳಗಿನ ಆ ಗುಂಪಿನಲ್ಲಿದ್ದವರು ತೀರಾ ಕಡಿಮೆ. ಹಾಗಾಗಿ ಅದೇ ಸಂಶೋಧಕರು ಮುಂದಿನ ಮೂರು ಹಂಗಾಮುಗಳ ಮಾಹಿತಿ ತೆಗೆದುಕೊಂಡು, ಇನ್ನೂ ಹೆಚ್ಚು ಮಹಿಳೆಯರನ್ನು ಸೇರಿಸಿ ಮತ್ತೆ ನೋಡಿದರು. 2019ರಲ್ಲಿ ಬಂದ ಆ ಫಲಿತಾಂಶದಲ್ಲಿ ಯಾವ ನಂಟೂ ಸಿಗಲಿಲ್ಲ. ಬೇಸರದ ಸಂಗತಿಯೆಂದರೆ ಮೊದಲನೆಯದು ಎಲ್ಲರ ಕಿವಿಗೂ ಬಿತ್ತು, ಎರಡನೆಯದು ಬೀಳಲಿಲ್ಲ.

ಇನ್ನೊಂದು ಮಾತು. ಖಚಿತವಾದ ಬಸುರುಗಳಲ್ಲೇ ನೂರಕ್ಕೆ ಹತ್ತರಿಂದ ಇಪ್ಪತ್ತು ಗರ್ಭಪಾತದಲ್ಲಿ ಮುಗಿಯುತ್ತವೆ, ಹೆಚ್ಚಿನವು ಮೊದಲ 12 ವಾರಗಳಲ್ಲಿ. ಆ ಅವಧಿಯಲ್ಲಿ ಸಾವಿರಾರು ಮಂದಿ ಲಸಿಕೆ ಪಡೆದರೆ, ಕೆಲವರಿಗೆ ಅದರ ಬೆನ್ನಲ್ಲೇ ಗರ್ಭಪಾತವಾಗಿರುತ್ತದೆ. ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ. ಬದಲಿಗೆ, ಮೊದಲ ವಾರಗಳಲ್ಲಿ ತಾಯಿಗೆ ಬರುವ ಜೋರು ಜ್ವರಕ್ಕೂ ಮಗುವಿನ ಮಿದುಳು-ಬೆನ್ನುಹುರಿಯ ದೋಷಕ್ಕೂ ನಂಟು ಕಂಡುಬಂದಿದೆ. ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ಫ್ಲೂ ಹರಡುವ ಕಾಲ ಹತ್ತಿರವಿದ್ದರೆ ‘ಮೂರು ತಿಂಗಳು ಕಳೆಯಲಿ’ ಎಂದು ಕಾಯಬೇಡಿ.

ಪ್ರಶ್ನೆ: ಹಾಕಿಸಿಕೊಳ್ಳುವಾಗ ಏನೇನು ಗಮನಿಸಬೇಕು?

ಉತ್ತರ: ಇಂಜೆಕ್ಷನ್ ರೂಪದ್ದನ್ನೇ ಕೇಳಿ. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಅದು ಬಸುರಿಯರಿಗಲ್ಲ. ಪ್ರಮಾಣ ಸಾಮಾನ್ಯವಾಗಿ 0.5 ಮಿ.ಲೀ., ಒಂದೇ ಬಾರಿ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಸಿರಿಂಜಿನ ಲೇಬಲ್ ತೋರಿಸಿ ಎನ್ನಲು ಸಂಕೋಚ ಬೇಡ: ಯಾವ ಹಂಗಾಮಿನದು, ಅವಧಿ ಮುಗಿದಿದೆಯೇ ನೋಡಿ. ವೈರಸ್ ರೂಪ ಬದಲಿಸುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ, ಒಮ್ಮೆ ಉತ್ತರಾರ್ಧಗೋಳಕ್ಕೆ, ಒಮ್ಮೆ ದಕ್ಷಿಣಾರ್ಧಗೋಳಕ್ಕೆ, ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಶೇಖರಣೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಮ್ಮೆ ಹೆಪ್ಪುಗಟ್ಟಿದ ಲಸಿಕೆಯನ್ನು ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು.

ಪಾದರಸದ ಭಯವಿದ್ದವರು ಒಂದೇ ಡೋಸಿನ, ತುಂಬಿಟ್ಟ ಸಿರಿಂಜ್ ಕೇಳಿ ಪಡೆಯಬಹುದು. ಪಾದರಸದ ಅಂಶವಿರುವ ಥಯೊಮರ್ಸಾಲ್ ಎಂಬ ಸಂರಕ್ಷಕವನ್ನು ಹಲವು ಡೋಸಿನ ಸೀಸೆಗಳಿಗೆ ಹಾಕುತ್ತಾರೆ. ಅದರಿಂದಲೂ ಹಾನಿ ಕಂಡುಬಂದಿಲ್ಲ. ಮೊಟ್ಟೆಯ ಅಲರ್ಜಿ ಈಗ ಅಡ್ಡಿಯಲ್ಲ. ಹಿಂದೆ ಫ್ಲೂ ಲಸಿಕೆಗೇ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ಅದನ್ನು ಪಡೆದ ಆರು ವಾರಗಳೊಳಗೆ ಗಿಲಾನ್-ಬಾರೆ ಎಂಬ ನರದೌರ್ಬಲ್ಯ ಬಂದಿದ್ದರೆ ಮೊದಲೇ ತಿಳಿಸಿ. ಚುಚ್ಚಿಸಿಕೊಂಡ ಮೇಲೆ ಹದಿನೈದು ನಿಮಿಷ ಅಲ್ಲೇ ಕುಳಿತಿರಿ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಅದು ಫ್ಲೂ ಅಲ್ಲ.

ಪ್ರಶ್ನೆ: ಎಂಟು ತಿಂಗಳು ತುಂಬಿದೆ. ಈಗ ಹಾಕಿಸಿಕೊಂಡು ಏನುಪಯೋಗ? ಹುಟ್ಟಿದ ಮೇಲೆ ಮಗುವಿಗೇ ಹಾಕಿಸಿದರೆ ಆಗದೇ?

ಉತ್ತರ: ಆಗದು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡುವುದಿಲ್ಲ. ಫ್ಲೂ ಹಸುಗೂಸನ್ನು ಹೆಚ್ಚು ಕಾಡುವುದೂ ಆ ಅವಧಿಯಲ್ಲೇ. ಆಗ ಅದಕ್ಕಿರುವುದು ನೀವು ಕೊಟ್ಟ ರಕ್ಷಣೆ ಮಾತ್ರ. ಲಸಿಕೆಯಿಂದ ನಿಮ್ಮ ರಕ್ತದಲ್ಲಿ ಮೂಡುವ, ರೋಗಾಣುವನ್ನು ತಡೆಯುವ ಪ್ರತಿಕಾಯಗಳು ಮಾಸಿನ ಮೂಲಕ ದಾಟಿ ಮಗುವನ್ನು ಸೇರುತ್ತವೆ. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಸುರಿನಲ್ಲಿ ಲಸಿಕೆ ಪಡೆದ ತಾಯಂದಿರ ಶಿಶುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ. 63ರಷ್ಟು ಕಡಿಮೆಯಿತ್ತು. ಪ್ರತಿಕಾಯ ಮೂಡಲು ಸುಮಾರು ಎರಡು ವಾರ ಬೇಕು, ಅದಕ್ಕೇ ಈ ವಾರವೇ ಹೋಗಿ. ಹೆರಿಗೆ ಮೊದಲೇ ಆಗಿಬಿಟ್ಟರೆ ಬಾಣಂತನದಲ್ಲೂ ಪಡೆಯಬಹುದು, ಎದೆಹಾಲು ನಿಲ್ಲಿಸಬೇಕಿಲ್ಲ.

ಪ್ರಶ್ನೆ: ಲಸಿಕೆ ಹಾಕಿಸಿಕೊಂಡೂ ಜ್ವರ, ಕೆಮ್ಮು ಬಂದಿದೆ.

ಉತ್ತರ: ಲಸಿಕೆ ಎಲ್ಲ ಫ್ಲೂವನ್ನೂ ತಡೆಯದು, ಆದರೆ ಕಾಯಿಲೆ ಉಲ್ಬಣಿಸುವುದನ್ನು ಕಡಿಮೆ ಮಾಡುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡ. ಇಂದೇ ಡಾಕ್ಟರನ್ನು ಕಾಣಿ. ವೈರಸ್ ತಡೆಯುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಗುಣ ಹೆಚ್ಚು, ಸಾಮಾನ್ಯವಾಗಿ 75 ಮಿ.ಗ್ರಾಂ., ದಿನಕ್ಕೆರಡು ಬಾರಿ, ಐದು ದಿನ. ಅವರು ಬರೆದುಕೊಟ್ಟರೆ ಬಸುರಿ ಎಂದು ಹಿಂಜರಿಯಬೇಡಿ. ಉಸಿರು ಕಟ್ಟಿದಂತಾದರೆ, ಎದೆ ನೋವಾದರೆ, ಮಂಪರು ಕವಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.