ಭಾಲ್ಕಿಯಿಂದ ಲಂಡನ್ನಿಗೆ ಬಂದ ತಂಗಿಗೆ: ಬರ್ಲೆಸ್ಕ್ ಆಟಕ್ಕೆ ಹೊರಡುವ ಮುನ್ನ

ಪ್ರಿಯ ತಂಗಿ,

ನಿಮ್ಮ ಪ್ರಶ್ನೆಯನ್ನು ನಾನು ಓದಿದ್ದು ಕಲಬುರಗಿಯಲ್ಲಿ, ಬ್ರಹ್ಮಪುರದ ನಮ್ಮ ತವರುಮನೆಯ ಪಡಸಾಲೆಯಲ್ಲಿ ಕುಳಿತು. ರಜೆಗೆಂದು ಬಂದು ಎರಡು ವಾರವಾಯಿತು. ನೀವು ಲಂಡನ್ನಿಗೆ ಬಂದು ಮೂರು ತಿಂಗಳೂ ತುಂಬಿಲ್ಲ, ಈಸ್ಟ್ ಹ್ಯಾಮಿನಲ್ಲಿ ಮನೆ ಹಂಚಿಕೊಂಡಿದ್ದೀರಿ, ಕಚೇರಿಯ ಗೆಳತಿಯೊಬ್ಬಳ ಮದುವೆಗೆ ಮೊದಲು ಹೆಂಗಸರಷ್ಟೇ ಸೇರುವ ಪಾರ್ಟಿಗಾಗಿ ಎಂಟು ಜನ ಬರ್ಲೆಸ್ಕ್ ಎಂಬ ಆಟಕ್ಕೆ ಹೋಗುವುದೆಂದು ನಿಶ್ಚಯವಾಗಿದೆ, ಹೆಸರು ಕೊಡಲು ನಿಮಗೆ ಈ ಶುಕ್ರವಾರದವರೆಗೆ ಸಮಯವಿದೆ. ಅದು ಎಂಥ ಆಟ, ಮರ್ಯಾದಸ್ಥರು ಹೋಗುವಂಥದ್ದೇ, ಏನು ಉಡಬೇಕು, ಕುಡಿಯದವಳು ಅಲ್ಲಿ ಏನು ಮಾಡಬೇಕು, ಎಷ್ಟು ಖರ್ಚಾಗುತ್ತದೆ, ಹೋಗದಿದ್ದರೆ ಕಚೇರಿಯಲ್ಲಿ ಒಂಟಿಯಾಗಿ ಬಿಡುತ್ತೇನೆಯೇ ಎಂದು ಕೇಳಿದ್ದೀರಿ. 2007ರಲ್ಲಿ ನಾನು ಲಂಡನ್ನಿಗೆ ಹೋದಾಗ ಇವನ್ನೆಲ್ಲ ಕೇಳಲು ನನಗೆ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಬರ್ಲೆಸ್ಕ್ ಎಂದರೆ ಬಟ್ಟೆ ಬಿಚ್ಚಿ ಕುಣಿಯುವುದು ಎಂದು ನಿಮಗೆ ಯಾರೋ ಹೇಳಿದ್ದಾರೆ. ಅದು ಅರ್ಧ ಮಾತ್ರ ನಿಜ. ಆ ಪದದ ಬೇರು ಇಟಾಲಿಯನ್ ಭಾಷೆಯ 'ಬುರ್ಲಾ', ಅಂದರೆ ಗೇಲಿ, ಕುಚೋದ್ಯ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ದೊಡ್ಡ ದೊಡ್ಡ ಒಪೆರಾಗಳನ್ನೂ ಪುರಾಣದ ಕಥೆಗಳನ್ನೂ ಹಾಡು, ಶ್ಲೇಷೆ, ಕುಣಿತ ಬೆರೆಸಿ ಹಾಸ್ಯ ಮಾಡಿ ಆಡುತ್ತಿದ್ದ ಆಟಗಳಿಗೆ ಆ ಹೆಸರಿತ್ತು. ಅವುಗಳಲ್ಲಿ ಗಂಡಸರ ಪಾತ್ರಗಳನ್ನು ಬಿಗಿಯಾದ ಕಾಲುಡುಪು ತೊಟ್ಟ ಹೆಂಗಸರೇ ಮಾಡುತ್ತಿದ್ದುದು ಆ ಕಾಲಕ್ಕೆ ದೊಡ್ಡ ಗುಲ್ಲೆಬ್ಬಿಸಿತ್ತು. 1868ರಲ್ಲಿ ಲಿಡಿಯಾ ಥಾಂಪ್ಸನ್ ಎಂಬ ನಟಿ ತನ್ನ ತಂಡವನ್ನು ನ್ಯೂಯಾರ್ಕಿಗೆ ಕರೆದೊಯ್ದ ಮೇಲೆ ಅಮೆರಿಕದಲ್ಲಿ ಅದು ಬೇರೆಯದೇ ದಾರಿ ಹಿಡಿದು, ಮುಂದಿನ ದಶಕಗಳಲ್ಲಿ ಹಾಸ್ಯದ ಜೊತೆಗೆ ಬಟ್ಟೆ ಕಳಚುವ ಕುಣಿತವೂ ಸೇರಿತು. 1937ರಲ್ಲಿ ನ್ಯೂಯಾರ್ಕ್ ನಗರಾಡಳಿತವು ಇಂಥ ಥಿಯೇಟರುಗಳ ಲೈಸೆನ್ಸ್ ನವೀಕರಿಸಲು ಒಪ್ಪದೆ ಅವುಗಳ ಬಾಗಿಲು ಮುಚ್ಚಿಸಿತು. ಈಗ ನೀವು ನೋಡಲಿರುವುದು 1990ರ ದಶಕದಿಂದೀಚೆಗೆ ಮತ್ತೆ ಚಿಗುರಿದ ರೂಪ. ಇದರಲ್ಲಿ ಒಬ್ಬಳು ಬಟ್ಟೆ ಕಳಚುತ್ತಾಳೆ, ಇನ್ನೊಬ್ಬ ಜಾದೂ ಮಾಡುತ್ತಾನೆ, ಮತ್ತೊಬ್ಬಳು ಮೇಲಿನಿಂದ ತೂಗುವ ಬಳೆಯಲ್ಲಿ ಜೋಕಾಲಿಯಾಡುತ್ತಾಳೆ, ಹೆಣ್ಣುವೇಷದ ಗಾಯಕನೊಬ್ಬ ಹಾಡುತ್ತಾನೆ, ಇವರೆಲ್ಲರ ನಡುವೆ ನಿರೂಪಕನೊಬ್ಬ ಬಂದು ಎಲ್ಲರ ಕಾಲೆಳೆಯುತ್ತಾನೆ. ವೆರೈಟಿ ಎಂದು ಸೇರಿಸಿ ಹೇಳುವುದು ಇದಕ್ಕೇ.

ಇದನ್ನು ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಓದಿ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹಂಗಂದ್ರ ನಮ್ಮ ಜಾತ್ರ್ಯಾಗಿನ ಕಂಪನಿ ನಾಟಕ ಇದ್ದಂಗ ಅಂತೇಳು" ಎಂದರು. ಅವರ ಹೋಲಿಕೆ ಬಹುಮಟ್ಟಿಗೆ ಸರಿಯೇ ಇದೆ. ಹೋಳಿ ಹುಣ್ಣಿಮೆಯ ನಂತರದ ಶರಣಬಸವೇಶ್ವರ ಜಾತ್ರೆಗೆ ಹೋಗಿ ತಗಡಿನ ಥೇಟರಿನಲ್ಲಿ ಕುಳಿತವರಿಗೆ ಎರಡು ಅರ್ಥದ ಮಾತೂ, ಕಥೆಗೆ ಸಂಬಂಧವೇ ಇಲ್ಲದೆ ನಡುವೆ ನುಗ್ಗುವ ಕುಣಿತವೂ, ಹಿಂದಿನ ಸಾಲಿನ ಸೀಟಿಯೂ, 'ಒನ್ಸ್ ಮೋರ್' ಎಂಬ ಕೂಗೂ ಹೊಸದಲ್ಲ. ಸೊಲ್ಲಾಪುರದ ಕಡೆಯ ತಮಾಷಾದಲ್ಲಿ ಲಾವಣಿ ಹಾಡುವವಳು ಪ್ರೇಕ್ಷಕರನ್ನು ಹೇಗೆ ಕೆಣಕುತ್ತಾಳೆಂಬುದನ್ನು ನಿಮ್ಮ ಊರಿನ ಹಿರಿಯರು ಬಲ್ಲರು. ಬರ್ಲೆಸ್ಕಿನ ನಿರೂಪಕನಂತೂ ನಮ್ಮ ದೊಡ್ಡಾಟದ ಸಾರಥಿಯ ದೂರದ ನೆಂಟ: ವೇದಿಕೆಗೆ ಬಂದವರನ್ನೆಲ್ಲ ಪ್ರಶ್ನಿಸುವುದು, ಆಟ ಎಳೆದಾಡಿದರೆ ಮಾತಿನಿಂದ ತುಂಬುವುದು ಇಬ್ಬರ ಕೆಲಸವೂ ಹೌದು. ವ್ಯತ್ಯಾಸವೆಂದರೆ, ಜಾತ್ರೆಯಲ್ಲಿ ಕುಣಿತಕ್ಕೆ ಸೀಟಿ ಹೊಡೆಯುವವರು ಗಂಡಸರು. ಲಂಡನ್ನಿನಲ್ಲಿ ನಾನು ಹೋದ ಆಟಗಳಲ್ಲೆಲ್ಲ ಅರ್ಧಕ್ಕಿಂತ ಹೆಚ್ಚು ಜನ ಹೆಂಗಸರೇ ಇದ್ದರು, ಸೀಟಿಯೂ ಅವರದೇ ಜೋರಾಗಿತ್ತು.

ಒಂದು ಕುಣಿತ ಹೇಗಿರುತ್ತದೆಂದು ಹೇಳಿದರೆ ನಿಮ್ಮ ಅಂಜಿಕೆ ಕಡಿಮೆಯಾದೀತು. 2009ರಲ್ಲಿ ನಾನು ಮೊದಲ ಸಲ ನೋಡಿದ ನರ್ತಕಿ ಮೊಣಕೈ ದಾಟುವಷ್ಟು ಉದ್ದದ ಕೈಗವಸು ತೊಟ್ಟಿದ್ದಳು. ಅದರ ಕಿರುಬೆರಳಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಒಂದಿಷ್ಟು ಎಳೆದಳು, ನಮ್ಮ ಕಡೆ ನೋಡಿದಳು. ಉಂಗುರದ ಬೆರಳನ್ನು ಎಳೆದಳು, ಮತ್ತೆ ನೋಡಿದಳು. ಒಂದೊಂದು ಬೆರಳಿಗೂ ಡ್ರಮ್ಮಿನವನು ಒಂದೊಂದು ಪೆಟ್ಟು ಕೊಡುತ್ತಿದ್ದ. ಹೆಬ್ಬೆರಳು ಬರಲೊಲ್ಲದು ಎಂಬಂತೆ ನಟಿಸಿ ಆ ಕೈಗವಸನ್ನೇ ಬೈಯತೊಡಗಿದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಒಂದು ಕೈಗವಸು ಕಳಚುವುದಕ್ಕೆ ಹೆಚ್ಚುಕಡಿಮೆ ಮೂರು ನಿಮಿಷ! ಕೊನೆಗೆ ಉಳಿಯುವುದು ಒಳ ಉಡುಪು ಮತ್ತು ಎದೆಯ ಮೇಲೆ ಅಂಟಿಸಿದ, ಹೊಳೆಯುವ ಕಲ್ಲು ಕೂರಿಸಿದ ಎರಡು ಪುಟ್ಟ ಬಿಲ್ಲೆಗಳು; ಕೆಲವರು ಅವಕ್ಕೆ ಗೊಂಡೆ ಕಟ್ಟಿ ಗಿರಗಿರನೆ ತಿರುಗಿಸುತ್ತಾರೆ. ಅಷ್ಟರಲ್ಲಿ ದೀಪ ಆರುತ್ತದೆ. ಎಸೆದ ಉಡುಪುಗಳನ್ನೆಲ್ಲ ಆಯ್ದುಕೊಂಡು ಹೋಗುವುದಕ್ಕೆ ಬೇರೆ ಒಬ್ಬರಿರುತ್ತಾರೆ, ಅವರಿಗೆ ಸ್ಟೇಜ್ ಕಿಟನ್ ಎನ್ನುತ್ತಾರೆ. ಇಷ್ಟನ್ನು ನೋಡಲು ನಿಮ್ಮ ಮನಸ್ಸು ಒಪ್ಪುತ್ತದೆಯೇ ಇಲ್ಲವೇ ಎಂಬುದನ್ನು ನೀವೇ ಕೇಳಿಕೊಳ್ಳಬೇಕು. ನನ್ನ ಮನಸ್ಸು ಒಪ್ಪಿತು ಎಂಬುದು ನಿಮಗೆ ಕಾರಣವಾಗಬಾರದು.

ಟಿಕೆಟ್ಟಿಗೆ ಹಣ ಕೊಡುವ ಮುನ್ನ ನಿಮ್ಮ ಗುಂಪಿನವರು ಹೋಗುತ್ತಿರುವುದು ನಿಜವಾಗಿಯೂ ಬರ್ಲೆಸ್ಕ್ ವೆರೈಟಿ ಆಟಕ್ಕೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಅದೇ ಪದವನ್ನು ತೂಗುಹಾಕಿಕೊಂಡು ಬೇರೆ ವ್ಯಾಪಾರ ನಡೆಸುವ ಜಾಗಗಳೂ ಇರುತ್ತವೆ. ಬೆತ್ತಲೆ ನೃತ್ಯದ ಕ್ಲಬ್ಬುಗಳಿಗೆ ಪ್ರತ್ಯೇಕ ಲೈಸೆನ್ಸ್ ವಿಧಿಸುವ ಅಧಿಕಾರವನ್ನು 2009ರ ಕಾಯ್ದೆಯೊಂದು ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲುಗಳಿಗೆ ಕೊಟ್ಟಿದೆ. ಅಂಥಲ್ಲಿ ನರ್ತಕಿಯರು ಮೇಜಿನ ಬಳಿಗೇ ಬಂದು ಹಣಕ್ಕೆ ಕುಣಿಯುವ ರೂಢಿಯುಂಟು. ಬರ್ಲೆಸ್ಕಿನಲ್ಲಿ ಹಾಗಿಲ್ಲ, ವೇದಿಕೆ ವೇದಿಕೆಯೇ, ಪ್ರೇಕ್ಷಕರು ಪ್ರೇಕ್ಷಕರೇ. ಟಿಕೆಟ್ ಪುಟದಲ್ಲಿ ಕಲಾವಿದರ ಹೆಸರುಗಳೂ ನಿರೂಪಕನ ಹೆಸರೂ ಆಟ ಆರಂಭವಾಗುವ ಗಂಟೆಯೂ ಇದ್ದರೆ ಅದು ಆಟ. ಬರೀ ಬಾಟಲಿಗಳ ದರ ಮತ್ತು ಮೇಜಿನ ದರ ಇದ್ದರೆ ನಾನಾದರೆ ಹೋಗುವುದಿಲ್ಲ.

ಖರ್ಚಿನ ವಿಷಯ. ಕಳೆದ ವರ್ಷ ನಾನು ಬರೀ ಆಟಕ್ಕೆ ಕೊಟ್ಟದ್ದು 28 ಪೌಂಡ್. ಊಟ ಸೇರಿದ ಟಿಕೆಟ್ಟಿನ ದರ ಅದರ ಎರಡರಷ್ಟಕ್ಕೂ ಮೀರಿತ್ತು, ಅದರಲ್ಲಿ ಶಾಕಾಹಾರಿಗೆಂದು ಬಂದದ್ದು ಒಂದು ಅಣಬೆಯ ಅನ್ನ. ನಿಮ್ಮ ಗುಂಪು ಊಟದ ಟಿಕೆಟ್ಟನ್ನೇ ತೆಗೆಯುವುದಾದರೆ ನಿಮ್ಮ ಊಟದ ನಿಯಮವನ್ನು ಬುಕ್ ಮಾಡುವವಳಿಗೆ ಈಗಲೇ ಬರೆದು ತಿಳಿಸಿ. ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ. 12.5ರಷ್ಟು ಸರ್ವಿಸ್ ಚಾರ್ಜ್ ಸೇರಿರುತ್ತದೆ, ಅದರ ಮೇಲೆ ಮತ್ತೆ ಟಿಪ್ಸ್ ಇಡುವ ಅಗತ್ಯವಿಲ್ಲ.

ಕುಡಿಯದವರಿಗೆ ಕಷ್ಟ ಕೊಡುವುದು ಮದ್ಯವಲ್ಲ, 'ರೌಂಡ್' ಎಂಬ ಪದ್ಧತಿ. ಒಬ್ಬೊಬ್ಬರು ಸರದಿಯ ಮೇಲೆ ಎಲ್ಲರಿಗೂ ಕೊಂಡು ತರುತ್ತಾರೆ. ಎಂಟು ಜನರ ಗುಂಪಿನಲ್ಲಿ ನೀವು ಎರಡು ಲೋಟ ಲೈಮ್ ಸೋಡಾ ಕುಡಿದು, ನಿಮ್ಮ ಸರದಿ ಬಂದಾಗ ಏಳು ಕಾಕ್ಟೇಲಿಗೆ ಹಣ ತೆರುತ್ತೀರಿ. ನಾನು ಮೊದಲ ವರ್ಷವಿಡೀ ಸಂಕೋಚದಿಂದ ಹೀಗೆ ತೆತ್ತಿದ್ದೇನೆ. ಒಳಗೆ ಹೋದ ಕೂಡಲೇ, ಮೊದಲ ಲೋಟ ಬರುವ ಮುನ್ನವೇ, "ನನ್ನದನ್ನು ನಾನೇ ತೆಗೆದುಕೊಳ್ಳುತ್ತೇನೆ" ಎಂದು ನಗುತ್ತ ಹೇಳಿಬಿಡಿ. ಅಲ್ಲಿಯವರು ಅದನ್ನು ಜಿಪುಣತನವೆಂದು ಎಣಿಸುವುದಿಲ್ಲ. ಲೋಟವನ್ನು ಮೇಜಿನ ಮೇಲೆ ಬಿಟ್ಟು ಎಲ್ಲಿಗೂ ಹೋಗಬೇಡಿ, ಅದರಲ್ಲಿ ಇರುವುದು ಬರೀ ನೀರಾದರೂ ಸರಿ.

ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ. ಮದ್ಯಕ್ಕೆ ಕಾನೂನಿನ ವಯಸ್ಸು 18, ಆದರೆ 25ಕ್ಕಿಂತ ಚಿಕ್ಕವರಂತೆ ಕಂಡವರನ್ನೆಲ್ಲ ತಡೆದು ಕೇಳುವ ರೂಢಿ ಬಹಳ ಕಡೆ ಇದೆ, ನಮ್ಮ ಕಡೆಯ ಹುಡುಗಿಯರು ಅವರ ಕಣ್ಣಿಗೆ ಮೂವತ್ತಾದರೂ ಕಾಲೇಜಿನವರಂತೆಯೇ ಕಾಣುತ್ತಾರೆ. ಇದಕ್ಕಾಗಿ ಪಾಸ್‌ಪೋರ್ಟನ್ನು ಕೈಚೀಲದಲ್ಲಿ ಹೊತ್ತು ತಿರುಗುವುದು ದೊಡ್ಡ ತಪ್ಪು. ನಿಮ್ಮ ವೀಸಾ ದೀರ್ಘಾವಧಿಯದಾಗಿರುವುದರಿಂದ ಪ್ರೊವಿಷನಲ್, ಅಂದರೆ ಕಲಿಯುವವರ, ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿ. ಆನ್‌ಲೈನಿನಲ್ಲಿ 34 ಪೌಂಡ್, ಕಾರು ಓಡಿಸದಿದ್ದರೂ ಗುರುತಿನ ಚೀಟಿಯಾಗಿ ಎಲ್ಲ ಕಡೆ ನಡೆಯುತ್ತದೆ. ಪಾರ್ಟಿಯ ದಿನದೊಳಗೆ ಅದು ಕೈಗೆ ಬರದಿದ್ದರೆ ಅದೊಂದು ರಾತ್ರಿ ಪಾಸ್‌ಪೋರ್ಟನ್ನು ಮೈಗಂಟಿದ ಚೀಲದಲ್ಲಿಟ್ಟುಕೊಳ್ಳಿ.

ನಾನು ಹೀಗೆ ಒತ್ತಿ ಹೇಳಲು ಕಾರಣವಿದೆ. ಆ ಮೊದಲ ರಾತ್ರಿ ನಾನು ಪಾಸ್‌ಪೋರ್ಟ್ ಇದ್ದ ಚೀಲವನ್ನು ಕೋಟಿನ ಜೊತೆ ಸಾಮಾನು ಇಡುವ ಕೋಣೆಯಲ್ಲಿ ಕೊಟ್ಟು, ಅವರು ಕೊಟ್ಟ ಅಂಗುಲದಷ್ಟು ಕಾಗದದ ಟೋಕನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡಿದ್ದೆ. ಆಟ ಮುಗಿದಾಗ ಟೋಕನ್ ಇರಲಿಲ್ಲ. ಟೋಕನ್ ಕಳೆದುಕೊಂಡವರು ಎಲ್ಲರ ಕೋಟೂ ಹೋಗುವವರೆಗೆ ಕಾಯಬೇಕೆಂಬುದು ಅಲ್ಲಿಯ ನಿಯಮ. ಮುನ್ನೂರು ಕೋಟುಗಳು ಒಂದೊಂದಾಗಿ ಹೋಗುವುದನ್ನು ನೋಡುತ್ತ ನಿಂತು, ಕೊನೆಗೆ ನನ್ನ ಕಂದು ಕೋಟೊಂದೇ ಮೊಳೆಯಲ್ಲಿ ತೂಗುತ್ತಿದ್ದುದನ್ನು ತೆಗೆದುಕೊಂಡು ಹೊರಬಂದಾಗ ಕೊನೆಯ ರೈಲು ಹೋಗಿಯಾಗಿತ್ತು. ಆಗ ನಾನೂ ನಿಮ್ಮ ಈಸ್ಟ್ ಹ್ಯಾಮಿನಲ್ಲೇ ಇದ್ದೆ. ರಾತ್ರಿ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಮನೆ ತಲುಪಿದಾಗ ಮೂರು ಗಂಟೆ. ಈಗ ಟೋಕನ್ನಿನ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಆದ್ದರಿಂದ ಆ ರಾತ್ರಿಯ ಯೋಜನೆಯನ್ನು ಮನೆಗೆ ಮರಳುವುದರಿಂದ ಶುರು ಮಾಡಿ. 2016ರ ಆಗಸ್ಟಿನಿಂದ ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಟ್ಯೂಬ್ ಎಂಬ ನೆಲದಡಿಯ ರೈಲಿನ ಕೆಲವು ಮಾರ್ಗಗಳು ಓಡುತ್ತವೆ, ಆದರೆ ಈಸ್ಟ್ ಹ್ಯಾಮಿನ ಡಿಸ್ಟ್ರಿಕ್ಟ್ ಮಾರ್ಗ ಅವುಗಳಲ್ಲಿಲ್ಲ. ಸೆಂಟ್ರಲ್ ಅಥವಾ ಜುಬಿಲಿ ಮಾರ್ಗದಲ್ಲಿ ಸ್ಟ್ರಾಟ್‌ಫರ್ಡ್‌ವರೆಗೆ ಬಂದು ಅಲ್ಲಿಂದ ಕ್ಯಾಬ್ ಮಾಡಿಕೊಳ್ಳುವುದು ಅಗ್ಗದ ದಾರಿ. ಬೀದಿಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಕಪ್ಪು ಕ್ಯಾಬನ್ನು ಮಾತ್ರ. ಉಳಿದವುಗಳನ್ನು ಮೊದಲೇ ಬುಕ್ ಮಾಡಿರಬೇಕು, ಕ್ಲಬ್ಬಿನ ಹೊರಗೆ ನಿಂತು "ಟ್ಯಾಕ್ಸಿ ಬೇಕೇ" ಎಂದು ಕೇಳುವವರ ಕಾರನ್ನು ಹತ್ತಬೇಡಿ. ನಿಮ್ಮ ಗುಂಪಿನವರು ಗುರುವಾರದ ಆಟ ನೋಡುತ್ತಿದ್ದರೆ ರಾತ್ರಿ ರೈಲೇ ಇರುವುದಿಲ್ಲ, ಶನಿವಾರಕ್ಕೆ ಬದಲಿಸಲು ಸಾಧ್ಯವೇ ಎಂದು ಈಗಲೇ ಕೇಳಿ.

ಉಡುಪಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗರಿ, ಮುತ್ತಿನ ಸರ, ಹೊಳೆಯುವ ಗೌನು ತೊಟ್ಟು ಬರುವವರಿದ್ದಾರೆ, ಜೀನ್ಸಿನಲ್ಲಿ ಬರುವವರೂ ಇದ್ದಾರೆ. ನಾನು ಉಟ್ಟದ್ದು ಇಳಕಲ್ ಸೀರೆ, ಎಲ್ಲರೂ ಮೆಚ್ಚಿದರು. ಆದರೆ ಇಂಥ ಜಾಗಗಳು ಹಲವು ನೆಲಮಾಳಿಗೆಯಲ್ಲಿರುತ್ತವೆ, ಮೆಟ್ಟಿಲು ಕಡಿದಾಗಿರುತ್ತವೆ, ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತದೆ, ರೇಷ್ಮೆಯ ಸೆರಗಿಗೆ ಅದು ಒಳ್ಳೆಯ ನೆರೆಯಲ್ಲ.

ಸೀಟನ್ನು ಮಾತ್ರ ನೀವೇ ಆರಿಸಿಕೊಳ್ಳಿ. ಮುಂದಿನ ಸಾಲು ನಿರೂಪಕನ ಪಾಲು. ನನ್ನನ್ನು ಅವನು "ಎಲ್ಲಿಂದ ಬಂದಿರಿ" ಎಂದು ಕೇಳಿದ. ಊರಿಗೆ ಆಗ ಇನ್ನೂ ಹಳೆಯ ಹೆಸರೇ ಇದ್ದುದರಿಂದ "ಗುಲ್ಬರ್ಗಾ" ಎಂದೆ. ಆ ಹೆಸರನ್ನು ಅವನು ಬಾಯಲ್ಲಿ ಹೊರಳಿಸಿ, ಎಳೆದು, ಹಾಡಿ, ಆಟ ಮುಗಿಯುವವರೆಗೂ ಪ್ರತಿ ಕಲಾವಿದರನ್ನೂ "ಗುಲ್ಬರ್ಗಾದಿಂದ ನೇರವಾಗಿ" ಎಂದೇ ಪರಿಚಯಿಸಿದ. ಇಂಥದ್ದು ಬೇಡವೆನಿಸಿದರೆ ಗೋಡೆಯ ಬದಿಗೆ, ಮೂರನೆಯ ಸಾಲಿನ ಆಚೆ ಕುಳಿತುಕೊಳ್ಳಿ. ಚಪ್ಪಾಳೆ, ಕೇಕೆ ಎಷ್ಟಿದ್ದರೂ ಅವರಿಗೆ ಬೇಕು, ಮುಖ ಕೆಳಗೆ ಹಾಕಿ ಕೂರುವುದೇ ಅಲ್ಲಿ ಒರಟುತನ. ಕಲಾವಿದರನ್ನು ಮುಟ್ಟುವುದು, ಕೇಳದೆ ಫೋಟೋ ತೆಗೆಯುವುದು ನಿಷಿದ್ಧ. ಆಟದ ಫೋಟೋ ಇಲ್ಲದಿದ್ದರೂ ಹೊರಗಿನ ಹಜಾರದಲ್ಲಿ ಗೆಳತಿಯರು ಕೊರಳಿಗೆ ಗರಿ ಸುತ್ತಿ ತೆಗೆಸಿಕೊಳ್ಳುವ ಚಿತ್ರ, ನೀವು ಸ್ಟ್ರಾಟ್‌ಫರ್ಡ್ ತಲುಪುವ ಮುನ್ನವೇ ಭಾಲ್ಕಿ ತಲುಪಿರುತ್ತದೆ. ಮನೆಯವರಿಗೆ ಮುಂಚಿತವಾಗಿ ನೀವೇ ಹೇಳುವುದು ಒಳ್ಳೆಯದು. ನಾನು ನಮ್ಮ ಅವ್ವನಿಗೆ ಫೋನಿನಲ್ಲಿ "ನಾಟಕ ನೋಡಿ ಬಂದೆ" ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಅವರು "ಕಥಿ ಏನಿತ್ತು?" ಎಂದು ಕೇಳಿದರು. ಕಥೆಯೇ ಇಲ್ಲದ ಆಟಕ್ಕೆ ಹತ್ತು ನಿಮಿಷ ಕಥೆ ಕಟ್ಟಬೇಕಾಯಿತು.

ಹೋಗಲು ಮನಸ್ಸಿಲ್ಲದಿದ್ದರೆ, "ಆಟ ನನಗೆ ಒಗ್ಗುವುದಿಲ್ಲ, ಅದಕ್ಕೆ ಮುಂಚಿನ ಊಟಕ್ಕೆ ಖಂಡಿತ ಬರುತ್ತೇನೆ" ಎಂದು ಬರೆಯಿರಿ. ಕಾರಣ ವಿವರಿಸುವುದು, ಜ್ವರದ ನೆಪ ಹೇಳುವುದು ಬೇಡ. ಹದಿನೆಂಟು ವರ್ಷಗಳಲ್ಲಿ ನಾನು ಕಂಡಂತೆ ಅಲ್ಲಿಯವರು ನೆನಪಿಟ್ಟುಕೊಳ್ಳುವುದು ಬರಲಿಲ್ಲವೆಂಬುದನ್ನಲ್ಲ, ಬರುತ್ತೇನೆಂದು ಟಿಕೆಟ್ ತೆಗೆಸಿ ಕೊನೆಯ ಗಳಿಗೆಯಲ್ಲಿ ಕೈಕೊಟ್ಟದ್ದನ್ನು. ಹೋಗುವುದಾದರೆ ಹಣವನ್ನು ಅದೇ ದಿನ ವರ್ಗಾಯಿಸಿಬಿಡಿ, ಬುಕ್ ಮಾಡಿದವಳು ಎಂಟು ಜನರ ಹಣವನ್ನು ತನ್ನ ಕಾರ್ಡಿನಿಂದ ಕೊಟ್ಟಿರುತ್ತಾಳೆ.

ಮುಂದಿನ ಸೋಮವಾರ ನಾನು ಲಂಡನ್ನಿಗೆ ಮರಳುತ್ತೇನೆ. ವೈನಿ ಶೇಂಗಾ ಹಿಂಡಿ ಕುಟ್ಟಿಸುತ್ತಿದ್ದಾರೆ, ನಿಮಗೂ ಒಂದು ಡಬ್ಬಿ ತರುತ್ತೇನೆ. ಎದೆಯ ಮೇಲಿನ ಆ ಬಿಲ್ಲೆ ಯಾವ ಅಂಟಿನಿಂದ ನಿಲ್ಲುತ್ತದೆಂದು ಅವರು ನಿನ್ನೆಯಿಂದ ಮೂರು ಸಲ ಕೇಳಿದ್ದಾರೆ. ಟೋಪನ್ ಕೂದಲು ಅಂಟಿಸುವ ಎರಡು ಬದಿಯ ಟೇಪು ಎಂದು ಹೇಳಿದರೆ ನಂಬಲೊಲ್ಲರು.