ತಿಂಗಳು ತಿಂಗಳು ಮುಟ್ಟಾದರೂ ಅಂಡ ಬಿಡುಗಡೆ ಆಗಿಲ್ಲ ಅಂದರೆ ಮಕ್ಕಳಾಗುವುದಿಲ್ವಾ?

ಮುಟ್ಟು ಬರುತ್ತಿದೆ, ಆದರೂ ಸ್ಕ್ಯಾನ್‌ನಲ್ಲಿ ಈ ಸಲ ಅಂಡ ಬಿಡುಗಡೆ ಆಗಿಲ್ಲ ಅಂದರು, ಇದು ಹೇಗೆ ಅಂತ ಕೇಳಿದ್ದೀರಿ. ಆಗುತ್ತದೆ. ಒಂದೆರಡು ತಿಂಗಳು ಹೀಗಾಗುವುದು ಯಾರಿಗೂ ಉಂಟು. ಆ ತಿಂಗಳು ಗರ್ಭ ನಿಲ್ಲುವುದಿಲ್ಲ, ಅದು ನಿಜ. ಆದರೆ ಮಕ್ಕಳಾಗದಿರಲು ಇರುವ ಕಾರಣಗಳಲ್ಲಿ ಮಾತ್ರೆಗೆ ಚೆನ್ನಾಗಿ ಬಗ್ಗುವುದು ಇದೇ. ನನಗೂ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಇತ್ತು, ಉಡುಪಿಯಲ್ಲೇ ತೋರಿಸಿದೆ, ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ.

ಗರ್ಭಕೋಶದ ಒಳಪದರ ಬೆಳೆಸುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನ್. ಅಂಡ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಹುಟ್ಟಿ ಆ ಪದರವನ್ನು ಹಿಡಿದಿಡುತ್ತದೆ, ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಕ್ಕೆ ಅದು ಇಳಿದು ಮುಟ್ಟಾಗುತ್ತದೆ. ಅಂಡವೇ ಬರದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಪದರ ಸುಮ್ನೆ ಬೆಳೆದು ಬೆಳೆದು ಒಂದು ದಿನ ತಾನಾಗಿ ಕಳಚುತ್ತದೆ, ಒಮ್ಮೆ ಜಾಸ್ತಿ, ಒಮ್ಮೆ ಬರೀ ಕಲೆಯಷ್ಟು. ಪ್ಯಾಡ್ ನೋಡಿ ಯಾವುದು ಯಾವುದೆಂದು ಹೇಳಲಿಕ್ಕೆ ಆಗುವುದಿಲ್ಲ.

ಗೊತ್ತಾಗುವುದು ರಕ್ತಪರೀಕ್ಷೆಯಲ್ಲಿ. ಇಲ್ಲೊಂದು ವಿಷಯ ಗಮನಿಸಿ. ಲ್ಯಾಬ್ ಚೀಟಿಯಲ್ಲಿ "21ನೇ ದಿನದ ಪ್ರೊಜೆಸ್ಟರಾನ್" ಅಂತ ಬರೆದಿರುತ್ತಾರೆ, ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ನಿಮಗೆ 38 ದಿನಕ್ಕೊಮ್ಮೆ ಆಗುವುದಾದರೆ 21ಕ್ಕೆ ಕೊಟ್ಟ ರಕ್ತದಲ್ಲಿ ಏನೂ ಸಿಗಲಿಕ್ಕಿಲ್ಲ, ಅಂಡ ಬರುವುದೇ ಆಮೇಲೆ ಇರಬಹುದು. ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ಕೊಡಬೇಕು. ಪ್ರೊಜೆಸ್ಟರಾನ್ 3 ng/mLಗಿಂತ ಜಾಸ್ತಿ ಬಂದರೆ ಅಂಡ ಬಿಡುಗಡೆ ಆಗಿದೆ ಎಂದರ್ಥ. ಅಂಡ ಬರುವ ದಿನ ತಿಳಿಯಲು ಮೂತ್ರದಲ್ಲಿ ನೋಡುವ, ಅಂಗಡಿಯಲ್ಲಿ ಸಿಗುವ ಓವ್ಯುಲೇಶನ್ ಕಿಟ್ ಪಿಸಿಓಎಸ್ ಇದ್ದವರಿಗೆ ಸುಳ್ಳು ಗೆರೆ ತೋರಿಸುವುದುಂಟು, ಅದನ್ನೇ ನಂಬಿ ಕೂರಬೇಡಿ.

ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನ್) ನೋಡಿಸಿ. ಅದೇ ಕಾರಣವಾದರೆ ಅದನ್ನು ಸರಿಮಾಡಿದಾಗ ಎಷ್ಟೋ ಮಂದಿಗೆ ಅಂಡ ತಾನಾಗಿ ಬರುತ್ತದೆ. ಪಿಸಿಓಎಸ್ ಆದರೆ ಹೆಚ್ಚಾಗಿ ಮೊದಲು ಕೊಡುವುದು ಅಂಡ ಬರಿಸುವ ಲೆಟ್ರೊಜೋಲ್ ಮಾತ್ರೆ, ತೂಕ ಜಾಸ್ತಿ ಇದ್ದವರು 5ರಿಂದ 10 ಶೇಕಡಾ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ. ಗಂಡನ ವೀರ್ಯ ಪರೀಕ್ಷೆಯೂ ಜೊತೆಗೇ ಆಗಲಿ. ಮದುವೆ ಮನೆಯಲ್ಲಿ "ಏನಾದರೂ ವಿಶೇಷ ಉಂಟಾ?" ಅಂತ ಕೇಳುವುದು ನಮ್ಮನ್ನು ಮಾತ್ರ, ಕಾರಣ ಇಬ್ಬರಲ್ಲಿ ಯಾರಲ್ಲೂ ಇರಬಹುದು ಅಲ್ವಾ.

ವಯಸ್ಸು 35 ದಾಟಿದ್ದರೆ ಪ್ರಯತ್ನ ಶುರುಮಾಡಿ 6 ತಿಂಗಳಿಗೇ ಡಾಕ್ಟರನ್ನು ಕಾಣಿ. ಖರ್ಚಿನ ಚಿಂತೆ ಇದ್ದರೆ ಮಂಗಳೂರಿನಲ್ಲಿ ಲೇಡಿ ಗೋಷನ್ ಸರ್ಕಾರಿ ಆಸ್ಪತ್ರೆ ಉಂಟು. ಮಗು ಈಗ ಬೇಡ ಅನ್ನುವವರೂ ಮೂರು ತಿಂಗಳು ಮುಟ್ಟು ನಿಂತರೆ ಬಿಡಬೇಡಿ, ವರ್ಷಗಟ್ಟಲೆ ಪದರ ದಪ್ಪವಾಗುತ್ತಾ ಹೋದರೆ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಗಂಟೆಗೊಂದು ಪ್ಯಾಡ್ ತುಂಬುವಷ್ಟು ಹೋಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.